ಮೊಟ್ಟೆ ಒಡೀಬಾರದು ಅಂದ ಕಾರು

ನಿನ್ನೆ ಒಂದು ಹಂಪ್ ಹತ್ತಿಳಿದಾಗ ನನ್ನ ಸೊಂಟ ಕಳಕ್ ಅಂದಿತು. ಡ್ಯಾಶ್‌ಬೋರ್ಡಿನ ದೊಡ್ಡ ಟಚ್‌ಸ್ಕ್ರೀನ್ ಮಾತ್ರ ಏನೂ ಆಗದವರ ಹಾಗೆ ಹಾಡು ಹೇಳುತ್ತಿತ್ತು. ಆಗ ನೆನಪಾದದ್ದು ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಹಳೇ ಕಾರು 2ಸಿವಿ. ಅದನ್ನು ತಗಡು ಡಬ್ಬಿ ಅಂತ ಆಡಿಕೊಳ್ಳುವವರ ಜೊತೆ ನನಗೊಂದು ಹಳೇ ಜಗಳವಿದೆ.

1930ರ ದಶಕದಲ್ಲಿ ಫ್ರಾನ್ಸಿನ ಎಷ್ಟೋ ರೈತರು ಸಂತೆಗೆ ಹೋಗುತ್ತಿದ್ದದ್ದು ಕುದುರೆ ಗಾಡಿಯಲ್ಲೇ. ಸಿಟ್ರೊಯೆನ್ ಮುಖ್ಯಸ್ಥ ಪಿಯರ್-ಜೂಲ್ ಬೂಲಾಂಜೆ ತಮ್ಮ ಎಂಜಿನಿಯರುಗಳಿಗೆ ಹೇಳಿದ್ದು ಇಷ್ಟು: ಇಬ್ಬರು ರೈತರು, 50 ಕೆಜಿ ಆಲೂಗಡ್ಡೆ, ಗಂಟೆಗೆ 60 ಕಿಮೀ, 100 ಕಿಮೀಗೆ 3 ಲೀಟರ್ ಪೆಟ್ರೋಲ್. ಉತ್ತ ಹೊಲದ ಮೇಲೆ ಓಡಿಸಿದರೂ ಬುಟ್ಟಿಯಲ್ಲಿರುವ ಮೊಟ್ಟೆ ಒಡೀಬಾರದು. ಚಂದ ಕಾಣಬೇಕು ಅಂತೇನೂ ಇಲ್ಲ.

1939ರ ಪ್ಯಾರಿಸ್ ಕಾರು ಪ್ರದರ್ಶನಕ್ಕೆ ಅಂತ ಸುಮಾರು 250 ಕಾರು ತಯಾರಾಗಿದ್ದವು. ಅಷ್ಟರಲ್ಲಿ ಯುದ್ಧ. ಜರ್ಮನ್ನರ ಕೈಗೆ ಸಿಗಬಾರದು ಅಂತ ಹೆಚ್ಚಿನವನ್ನು ಒಡೆದು ಹಾಕಿದರು, ಕೆಲವನ್ನು ಬಚ್ಚಿಟ್ಟರು. 1990ರ ದಶಕದಲ್ಲಿ ಸಿಟ್ರೊಯೆನ್ ಕಾರು ಓಡಿಸಿ ಪರೀಕ್ಷಿಸುತ್ತಿದ್ದ ಲಾ ಫೆರ್ತೆ-ವಿದಾಮ್‌ನ ಒಂದು ಕೊಟ್ಟಿಗೆಯ ಅಟ್ಟದ ಮೇಲೆ 3 ಕಾರು ಸಿಕ್ಕವು. ಅಜ್ಜಿ ಅಟ್ಟದ ಮೇಲಿಟ್ಟು ಮರೆತ ಹಂಡೆ ಥರ!

ಕೊನೆಗೆ ಜನರ ಮುಂದೆ ಬಂದದ್ದು 1948ರ ಅಕ್ಟೋಬರಿನಲ್ಲಿ. 375 ಸಿಸಿಯ ಎರಡು ಸಿಲಿಂಡರ್ ಎಂಜಿನ್, 9 ಎಚ್‌ಪಿ, ರೇಡಿಯೇಟರ್ ಇಲ್ಲ. ಬಣ್ಣ ಬೂದು ಒಂದೇ. ತಲೆ ಮೇಲೆ ಸುತ್ತಿಡುವ ಕ್ಯಾನ್ವಾಸ್. ಪೆಟ್ರೋಲ್ ಎಷ್ಟಿದೆ ಅಂತ ಟ್ಯಾಂಕಿಗೆ ಕಡ್ಡಿ ಅದ್ದಿ ನೋಡಬೇಕು. ವೈಪರ್ ಓಡುತ್ತಿದ್ದದ್ದು ಸ್ಪೀಡೋಮೀಟರ್ ಕೇಬಲ್ಲಿನಿಂದ. ಕಾರು ನಿಧಾನವಾದರೆ ವೈಪರೂ ನಿಧಾನ. ನಿಂತರೆ ಕೈಯಲ್ಲಿ ತಿರುಗಿಸಿಕೊಳ್ಳಿ. ಪತ್ರಿಕೆಯವರು ಬಿದ್ದೂ ಬಿದ್ದೂ ನಕ್ಕರು.

ನಕ್ಕವರು ಬಗ್ಗಿ ಕೆಳಗೆ ನೋಡಬೇಕಿತ್ತು. ಒಂದೊಂದು ಪಕ್ಕದಲ್ಲೂ ಮುಂದಿನ ಚಕ್ರ, ಹಿಂದಿನ ಚಕ್ರ ಎರಡನ್ನೂ ಕಾರಿನ ಉದ್ದಕ್ಕೆ ಮಲಗಿಸಿದ ಒಂದೇ ಕೊಳವೆಯೊಳಗಿನ ಸ್ಪ್ರಿಂಗುಗಳಿಗೆ ಕಟ್ಟಿದ್ದರು. ಮುಂದಿನ ಚಕ್ರ ಉಬ್ಬು ಹತ್ತಿದರೆ ಆ ಎಳೆತ ಹಿಂದಕ್ಕೂ ಹೋಗಿ ಕಾರಿನ ಬೆನ್ನನ್ನೂ ಎತ್ತುತ್ತದೆ. ಮೂಗೆತ್ತಿ ದೊಪ್ಪನೆ ಬೀಳಲ್ಲ, ದೋಣಿ ಥರ ತೇಲುತ್ತದೆ. ಕಣ್ಣಿಗೆ ಕಾಣುವ ಕಡೆ ಉಳಿಸಿದ ದುಡ್ಡನ್ನೆಲ್ಲ ಸೊಂಟಕ್ಕೆ ತಾಗುವ ಕಡೆ ಹಾಕಿದ್ದಾರೆ. ಈಗ ಶೋರೂಮಿನಲ್ಲಿ ನೋಡಿ, ಪೂರ್ತಿ ಉಲ್ಟಾ ಅಲ್ವಾ?

ಹಳ್ಳಿಯವರಿಗೆ ಇದು ಬೇಗ ಅರ್ಥವಾಯಿತು. ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಪರಿಸ್ಥಿತಿ. ಹಳ್ಳಿ ಡಾಕ್ಟರು, ಸೂಲಗಿತ್ತಿಯರು, ದನದ ಡಾಕ್ಟರು ಇಂಥವರಿಗೆ ಮೊದಲು ಕೊಡುತ್ತಿದ್ದರು. ಕಾಯಲಾರದವರು ಹೊಸ ಕಾರಿಗಿಂತ ಜಾಸ್ತಿ ದುಡ್ಡು ಕೊಟ್ಟು ಸೆಕೆಂಡ್ ಹ್ಯಾಂಡ್ ತಗೊಂಡರು.

ಬೂಲಾಂಜೆ 1950ರಲ್ಲೇ ಕಾರು ಅಪಘಾತದಲ್ಲಿ ಹೋದರು. ಅವರ ಗಾಡಿ ಮಾತ್ರ 1990ರ ಜುಲೈವರೆಗೆ ತಯಾರಾಗುತ್ತಲೇ ಇತ್ತು, ಕೊನೆಯದು ಪೋರ್ಚುಗಲ್‌ನಲ್ಲಿ. ಒಟ್ಟು 38 ಲಕ್ಷಕ್ಕೂ ಹೆಚ್ಚು. ಈಗ ಪ್ಯಾರಿಸ್‌ನಲ್ಲಿ ಅದರಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಐಫೆಲ್ ಗೋಪುರ ತೋರಿಸುತ್ತಾರೆ. ಆಲೂಗಡ್ಡೆ ಚೀಲ ಇರಬೇಕಾದ ಜಾಗದಲ್ಲಿ ಸೆಲ್ಫಿ ಸ್ಟಿಕ್.