ಗೆರೆ ಎಣಿಸುವ ಉದ್ಯೋಗ

ಧಾರವಾಡದಲ್ಲಿ ಎಂಜಿನಿಯರಿಂಗ್ ಮುಗಿಸಿದ ನಮ್ಮ ಅಣ್ಣನ ಮಗ ಕಳೆದ ವಾರ ಸಾಫ್ಟ್‌ವೇರ್ ಕಂಪನಿಯೊಂದರ ಸಂದರ್ಶನದಲ್ಲಿ ನಪಾಸಾಗಿ ಬಂದ. ಮನೆಯಲ್ಲಿ ಕೆಲಸ ಹುಡುಕುವ ಹುಡುಗರಿರುವವರಿಗೆ ಆ ಪ್ರಶ್ನೆ ಹೊಸದೇನಲ್ಲ: ಶೇರೊಂದರ ದಿನವಾರು ಬೆಲೆಗಳನ್ನು ಚುಕ್ಕೆಗಳಾಗಿ ಕೊಟ್ಟು, ಅವನ್ನು ದಿನದ ಕ್ರಮದಲ್ಲಿ ಸೇರಿಸಿ ಗ್ರಾಫ್ ಎಳೆದರೆ ಕನಿಷ್ಠ ಎಷ್ಟು ನೇರ ಗೆರೆಗಳು ಬೇಕೆಂದು ಕೇಳುತ್ತಾರೆ. ಅಕ್ಕಪಕ್ಕದ ತುಂಡುಗಳ ಇಳಿಜಾರು ಒಂದೇ ಆಗಿದ್ದರೆ ಅವೆರಡೂ ಸೇರಿ ಒಂದೇ ಗೆರೆ. ನಮ್ಮವನು ಬೆಲೆಯ ವ್ಯತ್ಯಾಸವನ್ನು ದಿನಗಳಿಂದ ಭಾಗಿಸಿ ಇಳಿಜಾರುಗಳನ್ನು ಹೋಲಿಸಿದ, ಅಲ್ಲಿಯೇ ಎಡವಿದ. ಎರಡು ಇಳಿಜಾರುಗಳ ಅಂತರ ದಶಮಾಂಶದ 18ನೆಯ ಸ್ಥಾನದಲ್ಲಿ ಅಡಗಿದ್ದರೆ, ಸುಮಾರು 16 ಅಂಕಿಗೇ ಕಣ್ಣು ಮಂಜಾಗುವ ಯಂತ್ರವು ಎರಡನ್ನೂ ಒಂದೇ ಎಂದುಬಿಡುತ್ತದೆ.

“ಕಾಕಾ, ಭಾಗಾಕಾರ ಮಾಡಬಾರದಿತ್ತಂತ, ಅಡ್ಡ ಗುಣಾಕಾರ ಮಾಡಬೇಕಿತ್ತಂತ” ಎಂದು ಹುಡುಗ ಚಹಾದ ಕಪ್ಪನ್ನು ನೋಡುತ್ತ ಹೇಳಿದ.

ಇಂಥ ಸೂಕ್ಷ್ಮದೃಷ್ಟಿಗೆ ಕೈಮುಗಿಯಲೇಬೇಕು. ಪ್ರಶ್ನೆಯ ಷರತ್ತಿನಂತೆ ದಿನದ ಸಂಖ್ಯೆ 100 ಕೋಟಿಯವರೆಗೂ ಹೋಗಬಹುದು, ಅಂದರೆ ಸುಮಾರು 27 ಲಕ್ಷ ವರ್ಷ. ಮನುಷ್ಯಜಾತಿ ಹುಟ್ಟುವ ಮೊದಲೇ ವಹಿವಾಟು ಆರಂಭಿಸಿ ಒಂದು ದಿನವೂ ಬಾಗಿಲು ಹಾಕದ ಶೇರುಪೇಟೆಗಾಗಿ ನಮ್ಮ ಹುಡುಗರು ರಾತ್ರಿಯಿಡೀ ತಯಾರಿ ನಡೆಸುತ್ತಿದ್ದಾರೆ.

ಬಾಗಿಲು ಹಾಕುವ ಪೇಟೆ ಬೇಕಿದ್ದರೆ ಹತ್ತಿರದಲ್ಲೇ ಬ್ಯಾಡಗಿ ಇದೆ. ಅಲ್ಲಿ ಮೆಣಸಿನಕಾಯಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಆದರೆ ಮೊಬೈಲಿನ ಗ್ರಾಫ್ ಗುರುವಾರದ ಚುಕ್ಕೆಯಿಂದ ಸೋಮವಾರದ ಚುಕ್ಕೆಗೆ ನುಣ್ಣನೆಯ ಗೆರೆ ಎಳೆದು, ಶುಕ್ರವಾರ, ಶನಿವಾರ, ಭಾನುವಾರವೂ ದರ ಮೆಲ್ಲಗೆ ಇಳಿಯುತ್ತಿತ್ತೆಂದು ತೋರಿಸುತ್ತದೆ. ಆ ಮೂರು ದಿನ ಅಲ್ಲಿ ಒಂದು ಚೀಲವೂ ಟೆಂಡರಿಗೆ ಬಂದಿರುವುದಿಲ್ಲ. ಸೋಮವಾರದಿಂದ ಗುರುವಾರಕ್ಕೆ 3 ದಿನ, ಗುರುವಾರದಿಂದ ಸೋಮವಾರಕ್ಕೆ 4 ದಿನ. ದರ ಕ್ವಿಂಟಲಿಗೆ ಮೊದಲು 1,500, ಆಮೇಲೆ 2,000 ರೂಪಾಯಿ ಕುಸಿಯಿತೆಂದುಕೊಳ್ಳಿ. 1,500ನ್ನು 4ರಿಂದ, 2,000ನ್ನು 3ರಿಂದ ಗುಣಿಸಿದರೆ ಎರಡೂ ಕಡೆ 6,000 ಬರುತ್ತದೆ. ಆದ್ದರಿಂದ ಇಳಿಜಾರು ಒಂದೇ, ಗೆರೆಯೂ ಒಂದೇ. ರೈತನ 3,500 ಹೋಯಿತು, ಪ್ರೋಗ್ರಾಂ ಪಾಸಾಯಿತು.

2024ರ ಮಾರ್ಚ್ 11ರ ಸೋಮವಾರ ಅದೇ ಮಾರುಕಟ್ಟೆಯಲ್ಲಿ ದರ ಕುಸಿದಾಗ ಕಚೇರಿಯ ಗಾಜು ಒಡೆದದ್ದು, ವಾಹನಗಳು ಸುಟ್ಟದ್ದು ಎಲ್ಲರಿಗೂ ನೆನಪಿದೆ. ಬೆಂಕಿ ಹಚ್ಚಿದ್ದು ತಪ್ಪು, ಒಪ್ಪಿದೆ. ಆದರೆ ಬೀಜ, ಔಷಧಿ, ಕಾಯಿ ಬಿಡಿಸಿದ ಆಳುಗಳ ಕೂಲಿ ಎಲ್ಲವನ್ನೂ ಸಾಲದಲ್ಲಿ ಹೊತ್ತು ಬಂದವನಿಗೆ ದರ ಗೊತ್ತಾಗುವುದು ಚೀಲ ಸುರಿದ ಮೇಲೆಯೇ, ಮತ್ತು ಅವನಿಗೆ ಅದನ್ನು ತುಂಬಿಕೊಂಡು ಹಿಂದಿರುಗಲು ಗಾಡಿ ಬಾಡಿಗೆಯೂ ಇರುವುದಿಲ್ಲ. ಇದನ್ನು ವರ್ಷವರ್ಷವೂ ಬರೆದು ನನಗೂ ಸಾಕಾಗಿದೆ.

ಹುಡುಗ ಈಗ ಸರಿಯಾದ ಪ್ರೋಗ್ರಾಂ ಬರೆದಿದ್ದಾನೆ. ಮತ್ತೊಂದು ಷರತ್ತನ್ನೂ ತೋರಿಸಿದ: ಬೆಲೆ ಒಂದೇ ದಿನದ್ದಿದ್ದರೆ ಚುಕ್ಕೆ ಒಂದೇ, ಸೇರಿಸಲು ಎರಡನೆಯದಿಲ್ಲ, ಆದ್ದರಿಂದ ಗೆರೆಗಳ ಸಂಖ್ಯೆ ಸೊನ್ನೆ. ವರ್ಷದ ಬೆಳೆಯನ್ನೆಲ್ಲ ಆ ಸೋಮವಾರವೇ ಸುರಿದವನ ಲೆಕ್ಕವೂ ಅಷ್ಟೇ ಬರುತ್ತದೆ.