ಗಿಲ್ಲನ್ನಿಗೆ ಎಂಬತ್ತಾಯಿತು, ನಾವಿನ್ನೂ 1972ರಲ್ಲೇ ಕೂತಿದ್ದೇವೆ

ಇಯಾನ್ ಗಿಲ್ಲನ್ ಹಾಡುವ ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ಲೈವ್ ಆಲ್ಬಂ (ಕಛೇರಿಯಲ್ಲೇ ಮುದ್ರಿಸಿದ್ದು) ‘ಮೇಡ್ ಇನ್ ಜಪಾನ್’ 2025ರ ಆಗಸ್ಟಿನಲ್ಲಿ ಸ್ಟೀವನ್ ವಿಲ್ಸನ್ ಮಾಡಿದ ಹೊಸ ಮಿಕ್ಸಿನ (ಹಳೆಯ ಟೇಪಿನ ಸದ್ದುಗಳನ್ನೇ ಮತ್ತೆ ಹದವಾಗಿ ಕೂಡಿಸಿದ್ದರ) ಜೊತೆ ಮತ್ತೆ ಬಂದದ್ದೇ ಬಂದದ್ದು, ಶಿರಸಿ-ಕಾರವಾರದ ನಾವು ನಾಲ್ಕಾರು ರಾಕ್ ಹುಚ್ಚರು ಇವತ್ತಿನವರೆಗೂ ಜಗಳ ನಿಲ್ಲಿಸಿಲ್ಲ. ಕರೆಂಟು ಹೋದರೂ ಫೋನಿನಲ್ಲಿ ಚಾರ್ಜ್ ಇರುವ ತನಕ ವಾಟ್ಸಾಪಿನಲ್ಲಿ ಬಡಿದಾಟ. ಅಲ್ಲಿ ಬರೆದು ಬರೆದು ಬೆರಳು ನೋಯುತ್ತಿದೆ, ಹಾಗಾಗಿ ನನ್ನ ಮಾತನ್ನು ಇಲ್ಲೇ ಒಮ್ಮೆ ಹೇಳಿ ಮುಗಿಸುತ್ತೇನೆ.

ಕೇಳದವರಿಗಾಗಿ ಸ್ವಲ್ಪ ಹಿನ್ನೆಲೆ. 1972ರ ಆಗಸ್ಟ್ 15, 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದ ಬುಡೋಕಾನ್‌ನಲ್ಲಿ ನಡೆದ ಕಛೇರಿಗಳಿಂದ ಆರಿಸಿದ ಏಳು ಹಾಡು. ಲೈವ್ ಆಲ್ಬಂ ಬೇಕೆಂದದ್ದು ಜಪಾನಿನ ರೆಕಾರ್ಡ್ ಕಂಪನಿ, ಬ್ಯಾಂಡಿನವರಿಗೇನೂ ಅಂಥ ಉಮೇದಿರಲಿಲ್ಲ. ಎಂಜಿನಿಯರ್ ಮಾರ್ಟಿನ್ ಬರ್ಚ್ ಎಂಟು ಟ್ರ್ಯಾಕಿನ ಯಂತ್ರದಲ್ಲಿ ಹಿಡಿದಿಟ್ಟರು. ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷವಿದ್ದ ‘ಸ್ಪೇಸ್ ಟ್ರಕಿನ್’ ಇಲ್ಲಿ ಇಪ್ಪತ್ತು ನಿಮಿಷದ ಹತ್ತಿರ ಹೋಗುತ್ತದೆ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ನಲ್ಲಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಏನು ನುಡಿಸುತ್ತಾರೋ ಅದನ್ನೇ ಗಿಲ್ಲನ್ ಗಂಟಲಲ್ಲಿ ತೆಗೆಯುತ್ತಾರೆ. ಇವರು ಒಂದು ಮೆಟ್ಟಿಲು ಹತ್ತಿದರೆ ಅವರು ಎರಡು, ಕೊನೆಗೆ ಗಿಟಾರು ಬಿಟ್ಟುಕೊಟ್ಟ ಮೇಲೂ ಗಂಟಲು ನಿಲ್ಲುವುದಿಲ್ಲ. ಆ ಜಾಗ ಎಷ್ಟು ಸಲ ಕೇಳಿದರೂ ನನಗೆ ಮೈ ಜುಂ ಅನ್ನುತ್ತದೆ.

ಕಾರವಾರದ ಗೆಳೆಯ ಮೈಕ್ ಸೆಟ್ಟಿನವನು. ಮದುವೆ, ಯಕ್ಷಗಾನದ ಆಟ, ರಾಜಕೀಯ ಸಭೆ ಎಲ್ಲದಕ್ಕೂ ಸೌಂಡ್ ಹಾಕುತ್ತಾನೆ. ಹೊಸ ಮಿಕ್ಸನ್ನು ಅವನು ತಲೆ ಮೇಲೆ ಹೊತ್ತುಕೊಂಡಿದ್ದಾನೆ. “ಇಷ್ಟು ವರ್ಷ ಗ್ಲೋವರ್ ಬೇಸ್ ಬಾರಿಸ್ತಿದ್ರು ಅನ್ನೋದೇ ನಿಮಗೆ ಗೊತ್ತಿರಲಿಲ್ಲ” ಅಂತ ಮೂದಲಿಸುತ್ತಾನೆ. ಕಸುಬಿನವನ ಮಾತು, ತೆಗೆದುಹಾಕುವ ಹಾಗಿಲ್ಲ. ವೇದಿಕೆಯ ಮೇಲೆ ಡ್ರಮ್ಮಿನ ಸದ್ದು ಹಾಡುವವನ ಮೈಕಿಗೂ ನುಗ್ಗುತ್ತದೆ, ಹಾಡುವವನ ದನಿ ಇನ್ನೆಲ್ಲೋ ಸೇರಿಕೊಳ್ಳುತ್ತದೆ, ಅದನ್ನೆಲ್ಲ ಬಿಡಿಸಿ ಜಾಗ ಜಾಗಕ್ಕೆ ಕೂರಿಸುವುದು ಸಣ್ಣ ಕೆಲಸವಲ್ಲ. ಆದರೆ ನನಗೆ ಆ ಗೋಜಲೇ ಇಷ್ಟ. ಎಲ್ಲವೂ ಎಲ್ಲಕ್ಕಿಂತ ಜೋರಾಗಿ ಕೇಳಲಿ ಎಂದು ಗಿಲ್ಲನ್ನೇ ವೇದಿಕೆಯ ಮೇಲಿಂದ ತಮಾಷೆ ಮಾಡುತ್ತಾರಲ್ಲ, ಹಳೆಯ ಮಿಕ್ಸಿನಲ್ಲಿ ಆ ಮಾತು ನಿಜವೇ ಆಗಿಬಿಟ್ಟಿದೆ.

ಇನ್ನು ಕೆಲವರದ್ದು ಶುದ್ಧಾಚಾರ. ಲೈವ್ ಅಂದಮೇಲೆ ಆಮೇಲೆ ಒಂದು ಸ್ವರವನ್ನೂ ಮುಟ್ಟಬಾರದು ಅಂತ. ಹಾಗೆ ಹೊರಟರೆ ನಮ್ಮ ಕಪಾಟು ಅರ್ಧ ಖಾಲಿ. ಕಿಸ್ ಬ್ಯಾಂಡಿನ 1975ರ ‘ಅಲೈವ್!’ನಲ್ಲಿ ಸ್ಟುಡಿಯೋ ತೇಪೆಗಳಿವೆ ಎಂದು ಅವರೇ ಒಪ್ಪಿದ್ದಾರೆ. ಥಿನ್ ಲಿಜ್ಜಿಯ 1978ರ ‘ಲೈವ್ ಆ್ಯಂಡ್ ಡೇಂಜರಸ್’ನ ಮುಕ್ಕಾಲು ಪಾಲು ಮತ್ತೆ ನುಡಿಸಿದ್ದು ಎಂದು ನಿರ್ಮಾಪಕ ಟೋನಿ ವಿಸ್ಕೋಂಟಿ ಹೇಳಿದರೆ, ಬ್ಯಾಂಡಿನವರು ಅಲ್ಲವೇ ಅಲ್ಲ ಎಂದರು. ಎರಡೂ ನನಗೆ ಇಷ್ಟದ ಆಲ್ಬಂಗಳೇ. ಇದೇ ‘ಮೇಡ್ ಇನ್ ಜಪಾನ್’ ಕೂಡ ಒಂದು ರಾತ್ರಿಯ ಕಛೇರಿಯಲ್ಲ, ಮೂರು ರಾತ್ರಿಗಳಿಂದ ಹೆಕ್ಕಿದ್ದು.

ನನಗೆ ನಿಜವಾಗಿ ತಲೆ ಬಿಸಿಯಾಗುವುದು ಶಿರಸಿಯ ನಮ್ಮ ಅಡಿಕೆ ತೋಟದವನ ಮಾತಿಗೆ. ಅವನ ಪ್ರಕಾರ ಪರ್ಪಲ್ 1972ಕ್ಕೇ ಮುಗಿಯಿತು. ಆಮೇಲಿನ ಲೈವ್ ಯಾವುದನ್ನು ಹಾಕಿದರೂ ಅವನದ್ದು ಒಂದೇ ಮಂತ್ರ: “ಸ್ವರ ಹೋಯ್ದು ಮಾರಾಯಾ, ಇನ್ನೆಂತ ಕೇಳದು?”

ಸ್ವರ ಹೋಗಿದೆ, ಸುಳ್ಳಲ್ಲ. ಒಸಾಕಾದಲ್ಲಿ ಕಿರುಚಿದ ಗಿಲ್ಲನ್ನಿಗೆ ಆಗ ಇಪ್ಪತ್ತೇಳು ತುಂಬಲು ಇನ್ನೂ ಕೆಲವು ದಿನ ಬಾಕಿ. 2025ಕ್ಕೆ ಎಂಬತ್ತಾಯಿತು. ಆ ಕಿರುಚಾಟದ ಹಾಡು ‘ಚೈಲ್ಡ್ ಇನ್ ಟೈಮ್’ ಅನ್ನು ಬ್ಯಾಂಡು ಕೈಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಇದನ್ನೇ ಅವನು ಸೋಲು ಅನ್ನುತ್ತಾನೆ. ಅದೇ ಮನುಷ್ಯ ಆಟಕ್ಕೆ ಹೋದಾಗ ನೋಡಬೇಕು. ಕಪ್ಪು ಮೂರರ ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದ ಭಾಗವತರು ವಯಸ್ಸಾಗಿ ಶ್ರುತಿ ಇಳಿಸಿಕೊಂಡರೆ ಇವನೇ ಪಕ್ಕದವರಿಗೆ “ದನಿ ಇಳಿದ್ರೂ ಹಾಡಿಕೆ ಪಕ್ವ ಆಯ್ದು” ಅಂತ ಪಿಸುಗುಡುತ್ತಾನೆ. ಭಾಗವತರಿಗೆ ಕೊಟ್ಟ ರಿಯಾಯಿತಿ ಗಿಲ್ಲನ್ನಿಗೆ ಯಾಕಿಲ್ಲ?

ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ ಚಿಕ್ಕ ವಯಸ್ಸು. ಹಾಗಾಗಿ ಕ್ಯಾಸೆಟ್ಟುಗಳಲ್ಲಿ ಅವರ ಕಂಠಕ್ಕೆ ಮುಪ್ಪು ಬರಲೇ ಇಲ್ಲ. ನಾವು ಪರ್ಪಲ್‌ನವರಿಂದಲೂ ಅದನ್ನೇ ಕೇಳುತ್ತಿದ್ದೇವೆ, ಆದರೆ ಅವರಲ್ಲಿ ಹೆಚ್ಚಿನವರು ಪುಣ್ಯಕ್ಕೆ ಬದುಕಿದ್ದಾರೆ. ಕೀಬೋರ್ಡಿನ ಜಾನ್ ಲಾರ್ಡ್ 2012ರಲ್ಲಿ ಹೋದರು. ಉಳಿದವರ ಮೇಲೆ ಹಳೆಯ ಟೇಪನ್ನು ಅಳತೆಗೋಲು ಮಾಡಿ ಹೊಡೆಯುವುದು ಅನ್ಯಾಯ.

ಹಾಗಂತ ಮುದುಕರು ನುಡಿಸಿದ್ದೆಲ್ಲ ಚಂದ ಎಂದೂ ನಾನು ಹೇಳುವುದಿಲ್ಲ. 2017ರಲ್ಲಿ ಫ್ರಾನ್ಸಿನ ಹೆಲ್‌ಫೆಸ್ಟಿನಲ್ಲಿ ಧ್ವನಿಮುದ್ರಿಸಿದ ಲೈವನ್ನೇ ತೆಗೆದುಕೊಳ್ಳಿ. ಕೆಲವು ಹಳೆಯ ಹಾಡುಗಳಲ್ಲಿ ಗಿಲ್ಲನ್ ಹಾಡುವುದಕ್ಕಿಂತ ಮಾತಾಡಿಯೇ ದಾಟಿಸುತ್ತಾರೆ, ‘ಸ್ಮೋಕ್ ಆನ್ ದ ವಾಟರ್’ ಹಾಜರಿ ಹಾಕಿದಂತಿದೆ. ಆದರೆ ಆಗಿನ ಹೊಸ ಹಾಡುಗಳು ಬಂದಾಗ ಕಥೆಯೇ ಬೇರೆ. ಅವು ಈಗಿನ ಗಂಟಲಿಗೆ ಅಳತೆ ತೆಗೆದು ಹೊಲಿದವು, ಎಲ್ಲೂ ಎಳೆಯುವುದಿಲ್ಲ. ಡಾನ್ ಏರಿಯ ಕೀಬೋರ್ಡೂ ಲಾರ್ಡ್ ಅವರ ನೆರಳಿನಲ್ಲಿ ನಿಂತಿಲ್ಲ.

ಮತ್ತೆ ಡ್ರಮ್ಮಿನ ಇಯಾನ್ ಪೇಸ್. 1968ರಿಂದ ಬ್ಯಾಂಡಿನ ಎಲ್ಲ ಅವತಾರಗಳಲ್ಲೂ ಇರುವವರು ಅವರೊಬ್ಬರೇ. 2016ರಲ್ಲಿ ಅವರಿಗೆ ಲಘು ಪಾರ್ಶ್ವವಾಯುವಾಗಿತ್ತು. ಮರುವರ್ಷದ ಆ ಆಲ್ಬಮ್ಮಿನಲ್ಲಿ ಅವರ ಕೈ ಕೇಳಿ, ಹೆಡ್‌ಫೋನ್ ಹಾಕಿಕೊಂಡು ಡ್ರಮ್ಮಿಗೆ ಮಾತ್ರ ಕಿವಿ ಕೊಡಿ. ಅಡಿಕೆ ತೋಟದವನಿಗೂ ಇದನ್ನೇ ಹೇಳಿದ್ದೇನೆ. ಕೊಯ್ಲು ಮುಗಿಯಲಿ, ಆಮೇಲೆ ಕೇಳ್ತೇನೆ ಅಂದಿದ್ದಾನೆ.