ಬಿಲ್ಲು ಇಟ್ಟಿದ್ದೀರಾ?
ಆಯಿಲ್ ಕಂಪನಿಯೇ ಎಂಜಿನ್‌ಗೆ ವಾರಂಟಿ ಕೊಡುತ್ತಿರುವಾಗ ಚಿಂತೆ ಯಾಕೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪಲಾರೆ. ಅಮೆರಿಕದಲ್ಲಿ ಪೆನ್ಜಾಯಿಲ್ ಪ್ಲಾಟಿನಮ್ ಎಂಬ ಎಂಜಿನ್ ಆಯಿಲ್‌ನವರು ಹೇಳುವ 15 ವರ್ಷ ಅಥವಾ 5 ಲಕ್ಷ ಮೈಲಿಯ ವಾರಂಟಿ ಕೇಳಲು ಚೆನ್ನಾಗಿದೆ, ಸುಳ್ಳೂ ಅಲ್ಲ. ಆದರೆ ಷರತ್ತು ಓದಿ ನೋಡಿ. ಮೊದಲೇ ನೋಂದಾಯಿಸಿರಬೇಕು, ಗಾಡಿ ಹಳೆಯದಾಗಿರಬಾರದು, ಪ್ರತಿ ಸಲವೂ ಅದೇ ಆಯಿಲ್ಲನ್ನು ಹೊತ್ತಿಗೆ ಸರಿಯಾಗಿ ಹಾಕಿಸಿರಬೇಕು, ಎಲ್ಲದಕ್ಕೂ ದಾಖಲೆ ಬೇಕು. ಹತ್ತು ವರ್ಷದ ಹಿಂದಿನ ಥರ್ಮಲ್ ಪೇಪರಿನ ಬಿಲ್ಲಿನಲ್ಲಿ ಅಕ್ಷರವೇ ಅಳಿಸಿಹೋಗಿರುತ್ತದಲ್ಲ!

ಇಷ್ಟಾದರೂ ಸಿಗುವುದು ಆಯಿಲ್‌ನಿಂದಲೇ ಆದ ಸವೆತಕ್ಕೆ ಮಾತ್ರ. ಟೈಮಿಂಗ್ ಬೆಲ್ಟ್ ತುಂಡಾಗಿ ವಾಲ್ವ್ ಬಾಗಿದರೆ, ಕೂಲಂಟ್ ಸೋರಿ ಎಂಜಿನ್ ಸೀಜ್ ಆದರೆ ಅದು ಅವರ ಲೆಕ್ಕಕ್ಕೆ ಬರುವುದಿಲ್ಲ. ಎಂಜಿನ್‌ಗಳು ಹೆಚ್ಚಾಗಿ ಹೋಗುವುದೇ ಹೀಗೆ. ಒಳ್ಳೆಯ ಆಯಿಲ್‌ನ ದೋಷದಿಂದ ಹೋಗುವುದು ಬಹಳ ಅಪರೂಪ. ಅದಕ್ಕೇ ಕಂಪನಿಗೆ ಇಷ್ಟು ದೊಡ್ಡ ಮಾತು ಕೊಡಲು ಧೈರ್ಯ.

ಇನ್ನೊಂದು ವಿಷಯ ಲೇಖನದಲ್ಲಿ ಬರಬೇಕಿತ್ತು. ಬೇರೆ ಬ್ರ್ಯಾಂಡಿನ ಆಯಿಲ್ ಹಾಕಿದಿರಿ ಎಂಬ ಒಂದೇ ಕಾರಣಕ್ಕೆ ಕಾರು ಕಂಪನಿ ತನ್ನ ವಾರಂಟಿ ನಿರಾಕರಿಸದಂತೆ ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ತಡೆಯುತ್ತದೆ. ಹಾಗಾಗಿ ಕಾರಿನ ಮ್ಯಾನ್ಯುಯಲ್‌ನಲ್ಲಿ ಹೇಳಿರುವ ಗ್ರೇಡ್ (ಆಯಿಲ್ ಎಷ್ಟು ಮಂದ ಎಂಬ ಅಳತೆ) ಮತ್ತು ಡಬ್ಬದ ಮೇಲಿನ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗುಣಮಟ್ಟದ ಗುರುತು ನೋಡಿ ಆಯಿಲ್ ಖರೀದಿಸಿ. ವಾರಂಟಿಗಾಗಿ ಹೆಚ್ಚು ದುಡ್ಡು ಕೊಡಬೇಡಿ.